ರಾಜಹಂಸಗಳನ್ನು ಎಬ್ಬಿಸಿದವರು

ಕೋಲಾರ ಜಿಲ್ಲೆಯ ನಮ್ಮ ನಂಗಲಿಯವರಿಗೆ ಕಡಲು ಎಂದರೆ ಮಂಗಳೂರಲ್ಲ, ಕಾರವಾರವೂ ಅಲ್ಲ. ಗಡಿ ದಾಟಿ ಪಲಮನೇರು, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ ಹಾದು ಸೂಳ್ಳೂರುಪೇಟೆ ಮುಟ್ಟಿ, ಶ್ರೀಹರಿಕೋಟಾ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಎರಡೂ ಕಡೆ ಪುಲಿಕಾಟ್ ಸರೋವರ. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟರೆ ಬಿಸಿಲೇರುವ ಮೊದಲೇ ರಾಜಹಂಸ ನೋಡಬಹುದು. ನಮ್ಮೂರಿನ ಮೇಲೆ ಬಿದ್ದ ಮಳೆ ಹರಿಯುವುದೂ ಪೂರ್ವಕ್ಕೇ, ಬಂಗಾಳ ಕೊಲ್ಲಿಗೇ. ಹಾಗಾಗಿ ಅದು ಬೇರೆ ರಾಜ್ಯದ ದಾರಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಎಷ್ಟೋ ಚಳಿಗಾಲ ಆ ದಾರಿಯಲ್ಲಿ ಹೋಗಿಬಂದಿದ್ದೇನೆ, ಹೆಚ್ಚಿನ ಸಲ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು.

ಅಂಥ ಒಂದು ಜನವರಿಯ ಬೆಳಿಗ್ಗೆ. ದೋಣಿಯಲ್ಲಿ ನಾವು ಆರು ಜನ. ನೀರು ಮೊಣಕಾಲುದ್ದ, ದೋಣಿಯವನು ಬಿದಿರ ಗಳು ಊರಿ ತಳ್ಳುತ್ತಿದ್ದ. ಇನ್ನೂರು ಮೀಟರ್ ಆಚೆ ರಾಜಹಂಸಗಳು ಸಾಲಾಗಿ ನಿಂತಿದ್ದವು. ಉದ್ದ ಕುತ್ತಿಗೆ ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ, ಕಾಲಲ್ಲಿ ತಳ ಕಲಕುತ್ತಾ ಕೆಸರುನೀರು ಸೋಸುತ್ತಿದ್ದವು. ಮೊರದಲ್ಲಿ ರಾಗಿ ಕೇರುವ ಹೆಂಗಸಿನ ಕೈಗೆ ಒಂದು ಲಯ ಇರುತ್ತದಲ್ಲ, ಅಂಥದೇ ಲಯ. ಆದರೆ ತಲೆ ತಗ್ಗಿಸಿ ತಿನ್ನುತ್ತಿರುವ ಹಕ್ಕಿಯ ಫೋಟೊ ಯಾರಿಗೆ ಬೇಕು? ರೆಕ್ಕೆ ಬಿಚ್ಚಬೇಕು, ಒಳಗಿನ ಕೆಂಪು ಕಾಣಬೇಕು, ಅಂಚಿನ ಕಪ್ಪು ಕಾಣಬೇಕು. ದೋಣಿಯವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ತಿರುಗಿ ನೋಡಿ, "ಲೇಪಮಂಟಾರಾ ಸಾರ್?" ಎಂದ. ಎಬ್ಬಿಸಲಾ ಅಂತ. ನಮ್ಮಲ್ಲಿ ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಅವನು ಗಳುವಿನಿಂದ ದೋಣಿಯ ಅಂಚಿಗೆ ಎರಡು ಸಲ ಬಡಿದ. ಮೊದಲು ಎಲ್ಲ ತಲೆಗಳೂ ಒಟ್ಟಿಗೆ ಮೇಲೆದ್ದವು. ಆಮೇಲೆ ಹಕ್ಕಿಗಳು ನಮಗೆ ಬೆನ್ನು ಹಾಕಿ ನಡೆದವು. ದೋಣಿ ಇನ್ನೂ ಹತ್ತಿರ ಬಂದಾಗ ಓಡತೊಡಗಿದವು. ರಾಜಹಂಸ ನಿಂತಲ್ಲಿಂದ ಚಿಮ್ಮುವ ಹಕ್ಕಿಯಲ್ಲ. ಆ ದೊಡ್ಡ ಮೈಯನ್ನು ಗಾಳಿಗೆ ಏರಿಸಲು ಅದು ನೀರಿನ ಮೇಲೆ ದಾಪುಗಾಲು ಹಾಕಿ ಓಡಬೇಕು, ರೆಕ್ಕೆ ಬಡಿಯಬೇಕು. ನೂರಾರು ಪಾದಗಳು ನೀರಿಗೆ ಬಡಿಯುವ ಸದ್ದು, ಅದರ ಮೇಲೆ ನಮ್ಮ ಆರು ಕ್ಯಾಮೆರಾಗಳು ಅರಳು ಸಿಡಿದಂತೆ ಸಿಡಿಯುವ ಸದ್ದು. ಅವು ದೂರ ಹೋಗಿ ಇಳಿದವು. ಇಳಿದ ಕೂಡಲೇ ತಿನ್ನಲಿಲ್ಲ, ಕುತ್ತಿಗೆ ನಿಗುರಿಸಿಕೊಂಡು ನಮ್ಮ ಕಡೆಗೇ ನೋಡುತ್ತಾ ನಿಂತವು. ನಾನು ಗಡಿಯಾರ ನೋಡಿಕೊಂಡೆ. ಮೊದಲ ತಲೆ ನೀರಿಗೆ ಬಗ್ಗಿದ್ದು ಇಪ್ಪತ್ತೆರಡು ನಿಮಿಷ ಕಳೆದ ಮೇಲೆ. ಅಷ್ಟರಲ್ಲಿ ಇನ್ನೊಂದು ದೋಣಿ ಬಂತು.

ಆವತ್ತಿನ ಒಂದು ಚಿತ್ರ ಆರು ವರ್ಷ ನಮ್ಮ ಮನೆಯ ಗೋಡೆಯ ಮೇಲಿತ್ತು. ಶಾಲೆಯೊಂದರ ಕಾರ್ಯಕ್ರಮಕ್ಕೆ ಅದನ್ನೇ ದೊಡ್ಡದು ಮಾಡಿಸಿಕೊಟ್ಟೆ. ಕೆಳಗೆ 'ಪಕ್ಷಿ ಸಂಕುಲ ಉಳಿಸಿ' ಎಂದು ಬರೆಸಿದ್ದರು. ಆ ಮೂರು ಪದಗಳ ಮೇಲಿದ್ದ ಹಕ್ಕಿಗಳು ನನ್ನಿಂದ ತಪ್ಪಿಸಿಕೊಳ್ಳಲು ಓಡುತ್ತಿದ್ದ ಹಕ್ಕಿಗಳು. ಈ ವರ್ಷ ಅದನ್ನು ಗೋಡೆಯಿಂದ ತೆಗೆದೆ.

ಹಕ್ಕಿಯ ಚಿತ್ರ ತೆಗೆಯುವವನು ಹಕ್ಕಿಯನ್ನು ಉಳಿಸುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರುಬಿಟ್ಟಿದೆ. ಛಾಯಾಚಿತ್ರ ಪ್ರದರ್ಶನ ಉದ್ಘಾಟಿಸುವ ಅಧಿಕಾರಿ ಇದನ್ನೇ ಹೇಳುತ್ತಾರೆ, ಪ್ರವಾಸೋದ್ಯಮದ ಕರಪತ್ರ ಇದನ್ನೇ ಹೇಳುತ್ತದೆ, ಲಕ್ಷಗಟ್ಟಲೆ ಕೊಟ್ಟು ಲೆನ್ಸು ಕೊಂಡ ಗೆಳೆಯರು ಮನೆಯವರಿಗೆ ಇದನ್ನೇ ಹೇಳಿ ಒಪ್ಪಿಸುತ್ತಾರೆ. ನಾನು ಇದನ್ನು ಬಹಳ ಕಾಲ ನಂಬಿದ್ದೆ. ಈಗ ಇದು ಸುಳ್ಳು ಎನ್ನುತ್ತೇನೆ. ಅರ್ಧ ಸತ್ಯ ಎಂದು ಕೂಡ ರಿಯಾಯಿತಿ ತೋರಿಸಲಾರೆ. ಏಕೆಂದರೆ ಈ ನಂಬಿಕೆಯ ನೆರಳಿನಲ್ಲಿ ಎರಡು ಕೆಡುಕು ನಡೆಯುತ್ತಿವೆ. ಒಂದು, ಹಕ್ಕಿಗೆ ನಾವು ಕೊಡುವ ಕಾಟ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಹಕ್ಕಿ ಬದುಕುವ ನೀರು ಎಲ್ಲಿ ಸಾಯುತ್ತಿದೆ ಎಂದು ನೋಡುವ ಕಣ್ಣೇ ನಮ್ಮಿಂದ ಹೋಗಿಬಿಟ್ಟಿದೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಬಂದೂಕು ಹಿಡಿದು ಕೆರೆ ಏರಿಯ ಮೇಲೆ ಬಾತು ಹೊಡೆಯುತ್ತಿದ್ದ ಕಾಲ ಇತ್ತು. ಆ ಕೈಗೆ ಕ್ಯಾಮೆರಾ ಬಂದದ್ದು ದೊಡ್ಡ ಬದಲಾವಣೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರ ಚಿತ್ರಗಳಿಂದ ಒಂದು ತಲೆಮಾರು ಕಾಡು ನೋಡುವುದನ್ನು ಕಲಿಯಿತು. ತೇಜಸ್ವಿಯವರ 'ಹಕ್ಕಿಪುಕ್ಕ' ಓದಿ ಹಕ್ಕಿಗೆ ಹೆಸರಿಟ್ಟು ಕರೆಯಲು ಕಲಿತವನು ನಾನು. ಅವರೆಲ್ಲ ಫಿಲಂ ರೀಲಿನ ಕಾಲದವರು. ಒಂದು ರೀಲಿಗೆ ಮೂವತ್ತಾರು ಚಿತ್ರ. ಮರೆ ಕಟ್ಟಿಕೊಂಡು, ಮೈ ಮರಗಟ್ಟುವ ತನಕ ಕಾಯಬೇಕಿತ್ತು. ಗೂಡಿನ ಚಿತ್ರಗಳನ್ನು ಆಗಲೂ ತೆಗೆಯುತ್ತಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇಡೀ ನಾಡಿನಲ್ಲಿ ಅಂಥವರು ಬೆರಳೆಣಿಕೆಯಷ್ಟು. ಇವತ್ತು ಒಂದು ಭಾನುವಾರ ನಂದಿಬೆಟ್ಟದ ಒಂದೇ ಗಿಡದ ಮುಂದೆ ಅದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಯಂತ್ರ ಹಿಡಿದು. ಆ ಹಿರಿಯರಿಗೆ ಒಪ್ಪುತ್ತಿದ್ದ ಮಾತನ್ನು ನಮಗೂ ಅಂಟಿಸಿಕೊಳ್ಳುವುದು ತಪ್ಪು.

ಚಿತ್ರ ತೆಗೆದರೆ ಹಕ್ಕಿಗೆ ಏನು ನಷ್ಟ, ಬೆಳಕು ತಾನೇ ತೆಗೆದುಕೊಂಡಿದ್ದು ಎನ್ನುತ್ತಾರೆ. ನಷ್ಟವೇನೆಂದು ಹೇಳುತ್ತೇನೆ. ಪುಲಿಕಾಟಿನ ಕೆಸರಿನಲ್ಲಿ ಲಿಟಲ್ ಸ್ಟಿಂಟ್ ಎಂಬ ಪುಟ್ಟ ಗೊರವ ಓಡಾಡುತ್ತಿರುತ್ತದೆ. ಅದರ ತೂಕ ಇಪ್ಪತ್ತೈದು ಗ್ರಾಂ ಆಸುಪಾಸು. ಅಂಗಡಿಯಲ್ಲಿ ಸಾಸಿವೆ ಕಟ್ಟಿಸಿಕೊಳ್ಳುವ ಚಿಕ್ಕ ಪೊಟ್ಟಣದಷ್ಟು. ಅದು ಮರಿ ಮಾಡುವುದು ಸೈಬೀರಿಯದ ಉತ್ತರದಂಚಿನ ಹಿಮಬಯಲಿನಲ್ಲಿ. ಬೇಸಿಗೆ ಹತ್ತಿರವಾದಂತೆ ಸಾವಿರಾರು ಕಿಲೋಮೀಟರ್ ಹಾರಿ ವಾಪಸು ಹೋಗಬೇಕು. ಆ ದಾರಿಖರ್ಚೆಲ್ಲ ಅದು ಚಳಿಗಾಲದಲ್ಲಿ ಇಲ್ಲಿ ತಿಂದು ಮೈಗೆ ಹಚ್ಚಿಕೊಂಡ ಕೊಬ್ಬು. ಒಂದು ಸಲ ಎಬ್ಬಿಸಿದರೆ ಎರಡು ನಷ್ಟ: ತಿನ್ನುವ ಹೊತ್ತು ಹೋಯಿತು, ತಿಂದದ್ದೂ ಕರಗಿತು. ದಿನಕ್ಕೆ ಒಂದು ದೋಣಿ ಬಂದರೆ ತಡೆದುಕೊಂಡೀತು. ರಜೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ದೋಣಿಯ ಹಿಂದೆ ದೋಣಿ, ರಸ್ತೆಯಂಚಿನಲ್ಲಿ ಕಾರಿನ ಹಿಂದೆ ಕಾರು ಬಂದರೆ? ಅದು ದಾರಿಯಲ್ಲಿ ಎಲ್ಲೋ ಬಿದ್ದು ಸತ್ತರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ನಾವು ನಿರಪರಾಧಿಗಳೆಂದು ತಿಳಿದುಕೊಂಡಿದ್ದೇವೆ.

ಕಾನೂನು ಅಷ್ಟು ಸಲೀಸಾಗಿ ನಮ್ಮನ್ನು ಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಏನು ಎಂದು ವಿವರಿಸುವ ಕಡೆ ಓದಿ ನೋಡಿ. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಅಟ್ಟುವುದು, ಆಮಿಷ ಒಡ್ಡುವುದು, ಹಕ್ಕಿಯ ಮೊಟ್ಟೆಗೋ ಗೂಡಿಗೋ ಅಡಚಣೆ ಮಾಡುವುದು ಕೂಡ ಅದೇ ವಿವರಣೆಯೊಳಗೆ ಬರುತ್ತದೆ. ಎಲೆ ಸವರಿ ಗೂಡಿಗೆ ಬೆಳಕು ಬಿಡುವವರನ್ನು ನಾವು ಕಲಾವಿದರೆಂದು ಕರೆಯುತ್ತೇವೆ. ಮೊಬೈಲಿನಲ್ಲಿ ಗಂಡುಹಕ್ಕಿಯ ಕೂಗು ಹಾಕಿ, ಎದುರಾಳಿ ಬಂದನೆಂದು ರೊಚ್ಚಿಗೆದ್ದು ಬಂದ ಹಕ್ಕಿಯ ಚಿತ್ರ ತೆಗೆಯುವವರನ್ನು ತಾಳ್ಮೆಯುಳ್ಳವರೆಂದು ಹೊಗಳುತ್ತೇವೆ. ಹಳದಿ ಕತ್ತಿನ ಪಿಕಳಾರವನ್ನೇ ತೆಗೆದುಕೊಳ್ಳಿ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದರ ಚಿತ್ರ ಸಾವಿರ ಸಾವಿರ ಇವೆ. ಹಿನ್ನೆಲೆಯನ್ನು ಹಸಿರು ಮಂಜಿನಂತೆ ಮಸುಕು ಮಾಡುವುದೇ ಆ ಚಿತ್ರಗಳ ಹೆಗ್ಗಳಿಕೆ. ಆ ಮಸುಕಿನ ಹಿಂದೆ ಇರುವುದು ಬಂಡೆ. ಬಂಡೆಯ ಮೇಲೆ ಇರುವುದು ಕ್ವಾರಿಯವರ ಕಣ್ಣು. ಕೋಲಾರ ಜಿಲ್ಲೆಯಲ್ಲಿ ಗುಡ್ಡಗಳು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿ ಹತ್ತುತ್ತಿರುವುದು ಯಾವ ಚಿತ್ರದಲ್ಲೂ ಇಲ್ಲ.

ನನ್ನ ತಕರಾರಿನ ತಿರುಳು ಇರುವುದು ಇಲ್ಲೇ. ಚಿತ್ರ ಜಾಗೃತಿ ಮೂಡಿಸುತ್ತದೆ, ಜಾಗೃತಿಯಿಂದ ಸಂರಕ್ಷಣೆ ಆಗುತ್ತದೆ ಎನ್ನುತ್ತಾರೆ. ಒಳ್ಳೆಯ ಚಿತ್ರ ಎಂದು ಇವತ್ತು ಕರೆಸಿಕೊಳ್ಳುವುದು ಏನನ್ನು ತೋರಿಸುತ್ತದೆ? ಹಕ್ಕಿಯನ್ನು ಮಾತ್ರ. ವಿದ್ಯುತ್ ತಂತಿ ಬಂದರೆ ಅಳಿಸುತ್ತಾರೆ, ಪ್ಲಾಸ್ಟಿಕ್ ಕವರು ಬಂದರೆ ಕತ್ತರಿಸುತ್ತಾರೆ, ಮೀನುಗಾರನ ಬಲೆಗೂಟ ಬಂದರೆ 'ಫ್ರೇಮು ಕೆಟ್ಟಿತು' ಎಂದು ಎಸೆಯುತ್ತಾರೆ. ಪುಲಿಕಾಟ್ ಸರೋವರ ಚಿಲಿಕಾ ಬಿಟ್ಟರೆ ದೇಶದಲ್ಲೇ ಎರಡನೆಯ ದೊಡ್ಡ ಅರೆ ಉಪ್ಪುನೀರಿನ ಸರೋವರ. ಅದರ ಆರೋಗ್ಯ ಇರುವುದು ಕಡಲ ಬಾಯಲ್ಲಿ, ಅಂದರೆ ಸಮುದ್ರದ ನೀರು ಒಳಗೆ ಬಂದು ಹೋಗುವ ಅಳಿವೆಗಳಲ್ಲಿ. ಮರಳು ತುಂಬಿ ಅಳಿವೆ ಮುಚ್ಚಿದರೆ ಉಬ್ಬರ ಒಳಗೆ ಬರುವುದಿಲ್ಲ, ಸೀಗಡಿ ಮರಿ, ಮೀನಿನ ಮರಿ ಬರುವುದಿಲ್ಲ, ಬಡಗಣ ಭಾಗ ಬೇಸಿಗೆಗೆ ಉಪ್ಪಿನ ಹೊಂಡವಾಗಿ ಒಣಗುತ್ತದೆ. ನಾವು ಕಾರು ನಿಲ್ಲಿಸಿ ಲೆನ್ಸು ಚಾಚುವ ಶ್ರೀಹರಿಕೋಟಾ ರಸ್ತೆಯೇ ಸರೋವರವನ್ನು ಅಡ್ಡಲಾಗಿ ಸೀಳಿದೆ. ಆ ರಸ್ತೆಯ ಮೇಲೆ ನಿಂತು ತೆಗೆದ ಲಕ್ಷಾಂತರ ಚಿತ್ರಗಳಲ್ಲಿ ರಸ್ತೆ ಕಾಣುವುದಿಲ್ಲ. ಪಾಳಿಯ ಪ್ರಕಾರ, ಚೀಟಿ ಎತ್ತಿ ಮೀನು ಹಿಡಿಯುವ ಜಾಗ ಹಂಚಿಕೊಂಡು ತಲೆತಲಾಂತರದಿಂದ ಆ ನೀರನ್ನೇ ನಂಬಿದ ಮೀನುಗಾರರಿಗೆ ಅಳಿವೆ ಎಷ್ಟು ಕಿರಿದಾಗಿದೆ ಎಂದು ಗೊತ್ತು. ಹತ್ತಾರು ಸಲ ಹೋದ ನನಗೆ ಅದು ಗೊತ್ತಾಗಿದ್ದು ಕ್ಯಾಮೆರಾ ಬಿಟ್ಟು ಹೋಗಿದ್ದ ವರ್ಷ, ಟೀ ಅಂಗಡಿಯಲ್ಲಿ ಕುಳಿತು ಅವರ ಮಾತು ಕೇಳಿದಾಗ.

ಸೂಳ್ಳೂರುಪೇಟೆಯ ಫ್ಲೆಮಿಂಗೊ ಹಬ್ಬ 2001ರಲ್ಲಿ ಶುರುವಾಯಿತು. ನಡುವೆ ಕೆಲವು ವರ್ಷ ನಿಂತು, 2025ರ ಜನವರಿಯಲ್ಲಿ ಮತ್ತೆ ನಡೆಯಿತು. ಮಕ್ಕಳು ಬಸ್ಸುಗಳಲ್ಲಿ ಬಂದು ಹಕ್ಕಿ ನೋಡುವುದು ಸಂತೋಷದ ವಿಷಯ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಜನ ಸೇರಿದ್ದನ್ನೇ ಸಂರಕ್ಷಣೆಯ ಅಳತೆಗೋಲು ಮಾಡಿಕೊಂಡರೆ ಅದು ಜಾತ್ರೆಯ ಲೆಕ್ಕವಾಗುತ್ತದೆ, ಹಕ್ಕಿಯ ಲೆಕ್ಕವಾಗುವುದಿಲ್ಲ.

ನಮ್ಮ ಜಿಲ್ಲೆಗೇ ಬನ್ನಿ. ಚಿತ್ರವೊಂದು ಹೇಗೆ ಸುಳ್ಳುಸಾಕ್ಷಿ ಹೇಳಬಲ್ಲದು ಎಂಬುದಕ್ಕೆ ಕೋಲಾರಕ್ಕಿಂತ ಬೇರೆ ಉದಾಹರಣೆ ಬೇಡ. ಶಾಶ್ವತ ನದಿಯೇ ಇಲ್ಲದ, ಬರೀ ಕೆರೆಗಳನ್ನು ನಂಬಿದ ಸೀಮೆ ಇದು. ಆ ಕೆರೆಗಳು ವರ್ಷಾನುಗಟ್ಟಲೆ ಒಣಗಿ, ಜಾಲಿ ಬೆಳೆದು, ನೀಲಗಿರಿ ತೋಪು ಅಂತರ್ಜಲ ಹೀರಿ, ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ವ್ಯಾಲಿ ನೀರು ಎಂದು ಎಲ್ಲರಿಗೂ ಗೊತ್ತು. ಒಣಕೆರೆ ತುಂಬಿದ್ದನ್ನು ಕಂಡ ರೈತನ ಸಂತೋಷ ಎಷ್ಟು ಎಂದು ನಾನು ಬಲ್ಲೆ. ಅದರ ಜೊತೆಗೇ, ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತ ಬೇಡವೇ ಎಂಬ ಪ್ರಶ್ನೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಚರ್ಚೆಯ ನಡುವೆ ಒಂದು ಬಗೆಯ ಚಿತ್ರ ಕೈಯಿಂದ ಕೈಗೆ ಓಡಾಡುತ್ತಿತ್ತು: ತುಂಬಿದ ಕೆರೆ, ಅದರಲ್ಲಿ ತೇಲುವ ಹೆಜ್ಜಾರ್ಲೆ. ಹಕ್ಕಿಗಳೇ ಬಂದಿವೆ, ನೀರಿನಲ್ಲಿ ದೋಷ ಎಲ್ಲಿದೆ ಎಂದು.

ಹೆಜ್ಜಾರ್ಲೆ ನೀರು ಪರೀಕ್ಷಿಸಲು ಬರುವುದಿಲ್ಲ, ಮೀನು ತಿನ್ನಲು ಬರುತ್ತದೆ. ಕೊಳಚೆ ಬೆರೆತ ನೀರಿನಲ್ಲೂ ತಿಲಾಪಿಯಾ ಮೀನು ಧಾರಾಳವಾಗಿ ಬೆಳೆಯುತ್ತದೆ. ಆ ನೀರಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಪ್ರಯೋಗಾಲಯ ಹೇಳಬೇಕು, ಅದೂ ಒಂದು ದಿನದ ಮಾದರಿಯಿಂದಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಮರದಿಂದ ಒಂದೊಂದಾಗಿ ಬಿದ್ದು ಸಾಯತೊಡಗಿದವು. ಮುಂದಿನ ವರ್ಷದ ಆರಂಭದ ತಿಂಗಳುಗಳಲ್ಲೂ ಸಾವು ನಿಲ್ಲಲಿಲ್ಲ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಟ್ಟೆಯೊಳಗಿನ ಪರೋಪಜೀವಿ ಹುಳು. ಅದು ಮೀನಿನ ಮೂಲಕ ಹಬ್ಬುವ ಹುಳು. ರಾಜ್ಯದಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಹಕ್ಕಿಗಳಲ್ಲಿ ಆ ಊರಿನ ಹೆಜ್ಜಾರ್ಲೆಗಳೂ ಸೇರಿವೆ. ಮರದ ಮೇಲಿನ ಗೂಡಿಗೆ ನೂರು ಲೆನ್ಸು ತಿರುಗಿದ್ದವು. ಅವು ಮೀನು ಹೆಕ್ಕುತ್ತಿದ್ದ ಕೆರೆಗಳ ಕಡೆ ಎಷ್ಟು ಲೆನ್ಸು ತಿರುಗಿದ್ದವು?

ಹಾಗಾದರೆ ಹಕ್ಕಿಯನ್ನು ಉಳಿಸಿದವರು ಯಾರು? ಅದೇ ಕೊಕ್ಕರೆ ಬೆಳ್ಳೂರಿನವರು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಆ ಹಕ್ಕಿಗಳನ್ನು ಕರೆದು, ಹಿತ್ತಲ ಹುಣಸೆಮರವನ್ನು ಬಿಟ್ಟುಕೊಟ್ಟು, ಅಂಗಳಕ್ಕೆ ಬಿದ್ದ ಹಿಕ್ಕೆಯ ವಾಸನೆ ಸಹಿಸಿದವರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಇದೆಲ್ಲ ಆದ ಎಷ್ಟೋ ಕಾಲದ ಮೇಲೆ.

ಇನ್ನೂ ಹಿಂದಕ್ಕೆ ಹೋದರೆ ತಮಿಳುನಾಡಿನ ವೇಡಂತಾಂಗಲ್. ತಮ್ಮ ಕೆರೆಯ ಹಕ್ಕಿಗಳಿಗೆ ಸಿಪಾಯಿಗಳು ಗುಂಡು ಹಾರಿಸುತ್ತಾರೆಂದು ರೈತರು ದೂರು ಕೊಟ್ಟು, ಹಕ್ಕಿ ಕಾಯುವ ತಮ್ಮ ಅಧಿಕಾರಕ್ಕೆ 1798ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರ್ ಲಯನಲ್ ಪ್ಲೇಸ್ ಅವರಿಂದ ಕಾಗದ ಮಾಡಿಸಿಕೊಂಡರು. ಆಗ ಜಗತ್ತಿನಲ್ಲಿ ಕ್ಯಾಮೆರಾ ಎಂಬ ವಸ್ತುವೇ ಇರಲಿಲ್ಲ. ಆ ರೈತರಿಗೆ ಗೊತ್ತಿದ್ದದ್ದು ಇಷ್ಟು: ಹಕ್ಕಿ ಕೂತ ಕೆರೆಯ ನೀರು ಹಾಯಿಸಿದರೆ ಗದ್ದೆಗೆ ಬೇರೆ ಗೊಬ್ಬರ ಬೇಕಾಗುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಗಡಿಗೆ ಅಂಟಿಕೊಂಡ ಆಂಧ್ರದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಮರಿ ಮಾಡುತ್ತವೆ. ಅಲ್ಲಿಯೂ ಕಾದವರು ಊರಿನವರೇ. ಈ ಮೂರೂ ಕಡೆ ಹಕ್ಕಿ ಮೊದಲು ಉಳಿಯಿತು, ಫೋಟೊ ತೆಗೆಯುವವರು ಆಮೇಲೆ ಬಂದರು. ಬಂದವರು ಆ ಉಳಿವಿನ ಯಶಸ್ಸನ್ನು ತಮ್ಮ ಖಾತೆಗೆ ಬರೆದುಕೊಳ್ಳುವುದು ಊರಿನವರಿಗೆ ಮಾಡುವ ಅನ್ಯಾಯ.

ನನ್ನ ಮಾತಿಗೆ ಬರಬಹುದಾದ ಅತಿ ಗಟ್ಟಿಯಾದ ಎದುರುವಾದ ನನಗೆ ಗೊತ್ತಿದೆ. ಮೈಸೂರು ಕಡೆಯ ಕೆರೆಗಳಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿ ಸಂಕೇತ ಬರೆದಿದ್ದರು. ಆ ಸಂಕೇತ ಓದಿ, ಹಿಮಾಲಯ ದಾಟಿದ ಅವುಗಳ ಪ್ರಯಾಣವನ್ನು ತಿಳಿಯಲು ದೂರದಿಂದ ತೆಗೆದ ಚಿತ್ರಗಳು ನೆರವಾದವು. ಇದು ನಿಜ, ಇದು ದೊಡ್ಡ ಕೆಲಸ. ಆದರೆ ಅಲ್ಲಿ ನೆರವಾದದ್ದು ಯಾವುದು ಎಂದು ನೋಡಿ. ದಿನಾಂಕ, ಕೆರೆಯ ಹೆಸರು, ಹಕ್ಕಿಗಳ ಸಂಖ್ಯೆ, ಪಟ್ಟಿಯ ಮೇಲಿನ ಅಕ್ಷರ. ಚಿತ್ರ ಅಲ್ಲಿ ಒಂದು ಟಿಪ್ಪಣಿಯಾಗಿ ದುಡಿಯಿತು. ನನ್ನ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹನ್ನೆರಡು ಸಾವಿರ ಹಕ್ಕಿಚಿತ್ರಗಳಿವೆ. ಅವುಗಳಲ್ಲಿ ಇಂಥ ದಿನ ಇಂಥ ನೀರಿನಲ್ಲಿ ಇಷ್ಟು ಹಕ್ಕಿ ಇತ್ತು ಎಂದು ಯಾರಿಗಾದರೂ ಉಪಯೋಗವಾಗುವಂತೆ ಬರೆದಿಟ್ಟದ್ದು ನೂರೂ ಇಲ್ಲ. ಗೆಳೆಯರನ್ನೂ ಕೇಳಿದೆ. ಅವರದೂ ಅದೇ ಕಥೆ.

ಬರೆದಿಟ್ಟದ್ದು ಏನು ಮಾಡಬಲ್ಲದು ಎಂಬುದನ್ನು 2023ರಲ್ಲಿ ನೋಡಿದೆವು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು ಆ ವರ್ಷ ಬಂದ ವರದಿ ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ವೀಕ್ಷಣೆಗಳನ್ನು ಆಧರಿಸಿದ್ದು. ಅದು 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳಿಗೆ ತುರ್ತು ಗಮನ ಬೇಕು ಎಂದಿತು. ವಲಸೆ ಬರುವ ಗೊರವಗಳು, ಬಾತುಗಳು ಇಳಿಮುಖವಾಗಿವೆ ಎಂದೂ ಹೇಳಿತು. ಇದು ಗೊತ್ತಾದದ್ದು ಕಾಗೆಯನ್ನೂ ಗುಬ್ಬಿಯನ್ನೂ ಬಿಡದೆ, ಕಂಡದ್ದನ್ನೆಲ್ಲ ಎಣಿಸಿ ಬರೆದವರಿಂದ. ಚೆಂದದ ಹಕ್ಕಿಯನ್ನು ಮಾತ್ರ ಹುಡುಕುವ ಲೆನ್ಸಿಗೆ ಕಾಗೆ ಕಡಿಮೆಯಾದದ್ದು ತಿಳಿಯುವುದೇ ಇಲ್ಲ. ಇಲ್ಲದ ಹಕ್ಕಿಯ ಚಿತ್ರ ಯಾರೂ ತೆಗೆಯಲಾರರು. ಇಲ್ಲ ಎಂದು ಹೇಳುವುದು ಪುಸ್ತಕ ಒಂದಕ್ಕೇ ಸಾಧ್ಯ. ನಾಲ್ಕು ವರ್ಷ ಒಂದೇ ಕೆರೆಗೆ ಹೋಗಿ ಸೊನ್ನೆ ಬರೆದವನ ಸೊನ್ನೆಗೆ ಬೆಲೆ ಇದೆ.

ಈಗ ನಂಗಲಿ ಕೆರೆಯ ಮಾತು. ಹೊಯ್ಸಳ ದೊರೆ ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗುಗಳ ಜೊತೆ ನಮ್ಮೂರಿನ ಹೆಸರೂ ಇದೆ ಎಂದು ಮೇಷ್ಟ್ರಾಗಿ ಮಕ್ಕಳಿಗೆ ಎಷ್ಟೋ ವರ್ಷ ಹೇಳಿದವನು ನಾನು. ಅದೇ ಊರಿನ ಕೆರೆಯಲ್ಲಿ ಎಷ್ಟು ಬಗೆಯ ಹಕ್ಕಿಗಳಿವೆ ಎಂದು ಯಾವ ಮಗುವಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಹಕ್ಕಿ ನೋಡಲು ಐದು ಗಂಟೆ ದೂರ ಹೋಗುತ್ತಿದ್ದವನಿಗೆ ಐದು ನಿಮಿಷ ದೂರದ ಏರಿಯ ಮೇಲೆ ನಿಂತು ನೋಡಬೇಕು ಅನ್ನಿಸಿರಲಿಲ್ಲ. ಪಕ್ಷಿಧಾಮದಲ್ಲಿ ಹಕ್ಕಿ ಇರುತ್ತದೆ, ಊರಿನಲ್ಲಿ ಇರುವುದು ಬರೀ ಕೊಕ್ಕರೆ ಎಂಬುದು ನನ್ನೊಬ್ಬನ ತಿಳಿವಳಿಕೆಯಲ್ಲ. ಕ್ಯಾಮೆರಾ ಸಂಸ್ಕೃತಿ ಕಲಿಸಿದ್ದೇ ಇದು.

2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವಲ್ಲ, ಅದರ ನಂತರದ ಚಳಿಗಾಲ ಬರಿಗೈಯಲ್ಲಿ ಏರಿಯ ಮೇಲೆ ಹೋಗತೊಡಗಿದೆ. ಶುರುವಿನಲ್ಲೇ ಸಿಕ್ಕವರು ಹಳೆಯ ನೀರಗಂಟಿ ಮನೆತನದ ಹಿರಿಯರು. ತೂಬು ಎತ್ತುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಅವರ ಅಪ್ಪನ ಕಾಲದಲ್ಲಿ ಊರು ಕೊಟ್ಟ ಜವಾಬ್ದಾರಿಯಾಗಿತ್ತು. ಈಗ ಕೆಲಸವಿಲ್ಲ, ಅಭ್ಯಾಸ ಉಳಿದಿದೆ. "ಏನ್ ಮೇಷ್ಟ್ರೇ, ಕ್ಯಾಮ್ರಾ ತರ್ಲಿಲ್ವಾ?" ಎಂದರು. ಇಲ್ಲ ಎಂದೆ. ಜೊತೆಗೆ ಕೂತರು. ಬಾತುಗಳು ಒಂದು ಕಡೆ ಸೇರಿದ್ದವು. ಕೈ ತೋರಿಸಿ, "ಅವು ಅಲ್ಲಿ ತಲೆ ಮುಳುಗ್ಸಿ ಬಾಲ ಎತ್ತವೆ ನೋಡಿ, ಅಂದ್ರೆ ಅಲ್ಲಿ ನೀರು ಮೊಣಕಾಲ್ ಮಟ್ಟ ಐತೆ. ಇನ್ನ ಹದಿನೈದ್ ದಿನಕ್ಕೆ ಆ ಉದ್ದ ಕಾಲಿಂದು ಬರ್ತದೆ, ಕೆಸರು ಬಿದ್ದ ಮ್ಯಾಲೆ" ಎಂದರು. ಹದಿನೇಳನೆಯ ದಿನ ಮೆಟ್ಟುಗಾಲು ಹಕ್ಕಿಗಳು ಬಂದವು, ಅವರು ತೋರಿಸಿದ ಜಾಗಕ್ಕೇ. ಅಷ್ಟು ವರ್ಷ ನಾನು ಹಕ್ಕಿಯನ್ನು ನೋಡಿದ್ದೆ. ಅವರು ಹಕ್ಕಿಯಿಂದ ಕೆರೆಯನ್ನು ಓದುತ್ತಿದ್ದರು.

ಆ ಚಳಿಗಾಲ ನನ್ನ ಪುಸ್ತಕದಲ್ಲಿ ಬಿದ್ದ ಹೆಸರುಗಳು: ನಾಮದ ಕೋಳಿ, ಗುಳುಮುಳುಕ, ಚುಕ್ಕೆಕೊಕ್ಕಿನ ಬಾತು, ನೇರಳೆ ಜಂಬುಕೋಳಿ, ದೇವನಕ್ಕಿ, ಕೆಂಬರಲು, ನೀರುಕಾಗೆ, ಬಣ್ಣದ ಕೊಕ್ಕರೆ, ಮೂರು ಬಗೆಯ ಮಿಂಚುಳ್ಳಿ, ಒಣ ಅಂಚಿನಲ್ಲಿ ಟಿಟ್ಟಿಭ. ಒಂದು ಬೆಳಿಗ್ಗೆ ಆರು ಪುಟ್ಟ ಗೊರವಗಳು. ಪುಲಿಕಾಟಿನಲ್ಲಿ ಕಂಡ ಅದೇ ಲಿಟಲ್ ಸ್ಟಿಂಟ್. ಸಮುದ್ರದಂಚಿಗೆ ಹೋಗುವ ದಾರಿಯಲ್ಲಿ ಇಳಿದವೋ, ಚಳಿಗಾಲವೆಲ್ಲ ನಮ್ಮ ಕೆರೆಗಳಲ್ಲೇ ಕಳೆಯುವವೋ ಎಂದು ಹೇಳಲು ಒಂದು ವರ್ಷದ ಬರಹ ಸಾಲದು. ಒಂದಂತೂ ಖಚಿತ. ಕಡಲಂಚಿನ ಧಾಮಕ್ಕೆ ಬೇಲಿ ಹಾಕಿ, ಒಳನಾಡಿನ ಸಾವಿರ ಕೆರೆಗಳ ಹೂಳನ್ನು ಇಟ್ಟಿಗೆ ಗೂಡಿಗೆ, ಅಂಗಳವನ್ನು ಬಡಾವಣೆಗೆ, ರಾಜಕಾಲುವೆಯನ್ನು ಒತ್ತುವರಿಗೆ ಬಿಟ್ಟುಕೊಟ್ಟರೆ ಧಾಮದ ಹಕ್ಕಿಯೂ ಉಳಿಯುವುದಿಲ್ಲ. ಬರಗಾಲದ ವರ್ಷ ಅಲ್ಲಿ ನೀರು ಒಣಗಿದಾಗ ಅದು ಎಲ್ಲಿಗೆ ಹೋಗಬೇಕು?

ಪ್ರವಾಸಿಗರಿಂದ ದುಡ್ಡು ಬರುತ್ತದೆ, ದೋಣಿಯವನ ಹೊಟ್ಟೆ ತುಂಬುತ್ತದೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಎಬ್ಬಿಸಿದ್ದಕ್ಕೆ ಕೊಟ್ಟ ಇನಾಮನ್ನೇ ಎಬ್ಬಿಸದೆ ದೂರ ನಿಲ್ಲಿಸಿದ್ದಕ್ಕೆ ಕೊಡಿ. ಅವನು ಕೇಳಿದ್ದು ನಮ್ಮ ಆಸೆಯನ್ನು. ನಮ್ಮ ಆಸೆ ಬದಲಾದರೆ ಅವನ ಪ್ರಶ್ನೆಯೂ ಬದಲಾಗುತ್ತದೆ.

ಛಾಯಾಚಿತ್ರ ಸ್ಪರ್ಧೆ ನಡೆಸುವವರಿಗೂ ಕೇಳಬೇಕಾದ್ದಿದೆ. ಗೂಡಿನ ಚಿತ್ರಗಳನ್ನು ಕೆಲವರು ಈಗಾಗಲೇ ತಿರಸ್ಕರಿಸುತ್ತಿದ್ದಾರೆ, ಒಳ್ಳೆಯದು. ಬೆದರಿ ಎದ್ದ ಹಿಂಡಿನ ಚಿತ್ರವನ್ನೂ ತಿರಸ್ಕರಿಸಿ. ಹಕ್ಕಿಯ ಜೊತೆ ಅದರ ನೀರು, ಆ ನೀರಿನ ಮೇಲಿನ ಒತ್ತುವರಿ ಕಾಣುವ ಚಿತ್ರಕ್ಕೆ ಬಹುಮಾನ ಕೊಡಿ. ಅರಣ್ಯ ಇಲಾಖೆಗಳು ಹಕ್ಕಿ ತಿನ್ನುವ ಜಾಗದಿಂದ ದೋಣಿ ಎಷ್ಟು ದೂರ ಇರಬೇಕೆಂದು ಗೂಟ ನೆಟ್ಟು ತೋರಿಸಲಿ. ನಮ್ಮ ಶಾಲೆಗಳು ಮಕ್ಕಳನ್ನು ಧಾಮಕ್ಕೆ ಕರೆದೊಯ್ಯುವ ಮೊದಲು ತಮ್ಮೂರಿನ ಕೆರೆಗೆ ನಾಲ್ಕು ಸಲ ಕರೆದೊಯ್ಯಲಿ.

ನಾನು ಪುಲಿಕಾಟಿಗೆ ಹೋಗುವುದನ್ನು ಬಿಟ್ಟಿಲ್ಲ. ರಸ್ತೆಯಂಚಿನಲ್ಲೇ ನಿಲ್ಲುತ್ತೇನೆ, ದುರ್ಬೀನಿನಲ್ಲಿ ಎಣಿಸುತ್ತೇನೆ, ಬರೆಯುತ್ತೇನೆ. ನೀರುಹಕ್ಕಿಗಳ ಗಣತಿ ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಆ ತಿಂಗಳ ಎರಡನೆಯ ಭಾನುವಾರ ನಂಗಲಿ ಕೆರೆಯಲ್ಲೂ ಎಣಿಕೆ ಇರುತ್ತದೆ. ಬೆಳಿಗ್ಗೆ ಆರೂವರೆಗೆ ತೂಬಿನ ಹತ್ತಿರ ಏರಿಯ ಮೇಲೆ ಸೇರುತ್ತೇವೆ. ನೀರಗಂಟಿ ಹಿರಿಯರು ಬರುತ್ತಾರೆ, ಏಳನೆಯ ತರಗತಿಯ ಒಂಬತ್ತು ಮಕ್ಕಳು ಬರುತ್ತಾರೆ. ದುರ್ಬೀನು ಎರಡೇ ಇವೆ, ಇದ್ದವರು ತನ್ನಿ. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್ಲು ಬೇಕೇ ಬೇಕು. ಕ್ಯಾಮೆರಾ ಇದ್ದವರು ದಯವಿಟ್ಟು ಮನೆಯಲ್ಲಿಟ್ಟು ಬನ್ನಿ.